ಮುತ್ತಜ್ಜನ ಪದಕ, ದೊರೆಯ ಪಟ್ಟಾಭಿಷೇಕ

ಧಾರವಾಡ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮುತ್ತಜ್ಜ ಮಾಮಲೇದಾರರು, ಅಂದರೆ ಈಗಿನ ತಹಸೀಲ್ದಾರರಂಥ ಅಧಿಕಾರಿ ಆಗಿದ್ದರು. 1911ರಲ್ಲಿ ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೆ ಅವರಿಗೆ 'ರಾವ್‌ಸಾಹೇಬ' ಬಿರುದು ಬಂತಂತೆ. ಟ್ರಂಕಿನಲ್ಲಿ ಒಂದು ಬೆಳ್ಳಿ ಪದಕ ಸಿಕ್ಕಿದೆ. ಮುಂದೆ ರಾಜ-ರಾಣಿಯರ ಮುಖ, ಹಿಂದೆ ಉರ್ದುವಿನಂಥ ಬರಹ. ಮಗಳ ಮದುವೆ ಕರೆಯೋಲೆಯಲ್ಲಿ ಬಿರುದು ಹಾಕಿಸೋಣ ಎಂದರೆ, 'ಬ್ರಿಟಿಷರ ಬಾಲ ಹಿಡಿದವರ ಬಿರುದು, ಬೇಡ' ಅಂತ ತಮ್ಮ ಜಗಳ ತೆಗೆದಿದ್ದಾನೆ. ಯಾರು ಸರಿ?"

ಜಗಳಕ್ಕೆ ಆಮೇಲೆ ಬರೋಣ. ಮೊದಲು ಪದಕ. ನೀವು ಹೇಳುವ ಗುರುತು ನೋಡಿದರೆ ಅದು ಬಿರುದಿನ ಬಿಲ್ಲೆ ಅಲ್ಲ, ದಿಲ್ಲಿ ದರ್ಬಾರಿನ, ಅಂದರೆ ಪಟ್ಟಾಭಿಷೇಕದ ನೆನಪಿಗೆ ದಿಲ್ಲಿಯಲ್ಲಿ ನಡೆದ ದೊಡ್ಡ ಸಭೆಯ ಪದಕ. ಹಿಂಬದಿಯದು ಉರ್ದುವಲ್ಲ, ಪರ್ಷಿಯನ್ ಭಾಷೆ. ಬೆಳ್ಳಿಯಲ್ಲಿ ಇಂಥ ಪದಕಗಳನ್ನು 26 ಸಾವಿರಕ್ಕೂ ಜಾಸ್ತಿ ಹಂಚಿದ್ದರು. ಅಧಿಕಾರಿಗಳು, ಸೈನಿಕರು ಹೀಗೆ ಅನೇಕರಿಗೆ ಅದು ಸಿಕ್ಕಿತು. ಪಡೆದವರ ಹೆಸರನ್ನು ಅದರ ಮೇಲೆ ಸರ್ಕಾರ ಕೆತ್ತಿಸಿ ಕೊಡುತ್ತಿರಲಿಲ್ಲ.

ಬಿರುದಿನ ಬಿಲ್ಲೆಯ ಕಥೆಯೇ ಬೇರೆ. ಜಾರ್ಜ್ ದೊರೆಗೆ ಲಂಡನ್ನಿನಲ್ಲಿ ಕಿರೀಟ ತೊಡಿಸಿದ್ದು 1911ರ ಜೂನ್ 22ರಂದು. ಡಿಸೆಂಬರ್ 12ಕ್ಕೆ ದಿಲ್ಲಿಯಲ್ಲಿ ದರ್ಬಾರು. ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತರುತ್ತೇವೆ, ಬಂಗಾಳದ ವಿಭಜನೆ ರದ್ದು ಎಂದು ಸಾರಿದ್ದು ಅಲ್ಲೇ. ಆ ಗದ್ದಲದ ನಡುವೆ ಒಂದು ಸಣ್ಣ ಘೋಷಣೆಯೂ ಇತ್ತು: ಬಿರುದು ಇರುವವರಿಗೆ ಇನ್ನು ಮುಂದೆ ಧರಿಸಲು ಬಿಲ್ಲೆ ಕೊಡಲಾಗುವುದು. ಅದರಲ್ಲಿ ಮೂರು ದರ್ಜೆ. ಮೇಲಿನದು ದಿವಾನ್ ಬಹದ್ದೂರ್, ಸರ್ದಾರ್ ಬಹದ್ದೂರ್. ನಡುವೆ ರಾವ್ ಬಹದ್ದೂರ್, ರಾಯ್ ಬಹದ್ದೂರ್, ಖಾನ್ ಬಹದ್ದೂರ್. ಕೆಳಗಿನದು ರಾವ್‌ಸಾಹೇಬ ಮತ್ತು ಅದರ ಸಾಲಿನವು. ಬಿಲ್ಲೆಯ ಮೇಲೆ ಬಿರುದನ್ನೇ ಬರೆದಿರುತ್ತದೆ. ಹಾಗಾಗಿ ಟ್ರಂಕನ್ನು ಇನ್ನೊಮ್ಮೆ ಜಾಲಾಡಿ. ಬಿಲ್ಲೆ ಸಿಗದಿದ್ದರೆ ಬಿರುದು ಸುಳ್ಳು ಅಂತಲ್ಲ. ಆದರೆ ಪದಕವೊಂದನ್ನೇ ಹಿಡಿದು ಬಿರುದು ಇತ್ತು ಅನ್ನಲಾಗದು.

ಇನ್ನು ನಿಮ್ಮ ತಮ್ಮನ ಮಾತು. ಪಟ್ಟಾಭಿಷೇಕದ ಬಿರುದುಗಳು ಬರೀ ಸಂಭ್ರಮದ ಉಡುಗೊರೆ ಅಲ್ಲ, ನಿಜ. ಯಾರು ತನ್ನವರು ಅಂತ ಸಾಮ್ರಾಜ್ಯ ಎಣಿಸಿಕೊಳ್ಳುವ ಹೊತ್ತು ಅದು. ಬೊಕ್ಕಸದಿಂದ ಹೆಚ್ಚು ಹಣ ಹೋಗದೆ ಜನರನ್ನು ಕಟ್ಟಿಹಾಕುವ ದಾರಿ. 1902ರಲ್ಲಿ ಏಳನೇ ಎಡ್ವರ್ಡ್ ದೊರೆಗೆ ಜೂನ್ 26ಕ್ಕೆ ಪಟ್ಟ ಎಂದು ಗೊತ್ತಾಗಿತ್ತು. ಎರಡು ದಿನ ಮುಂಚೆ ಹೊಟ್ಟೆಯ ಆಪರೇಷನ್ ಆಯಿತು. ಪಟ್ಟಾಭಿಷೇಕ ಆಗಸ್ಟ್ 9ಕ್ಕೆ ಹೋಯಿತು. ಬಿರುದಿನ ಪಟ್ಟಿ ಮಾತ್ರ ಜೂನ್ 26ಕ್ಕೇ ಹೊರಬಿತ್ತು! ದೊರೆ ಹಾಸಿಗೆಯಲ್ಲಿದ್ದರೂ ಪಟ್ಟಿ ಕಾಯಲಿಲ್ಲ. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅದರಲ್ಲಿದ್ದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಅವರು ಬ್ರಿಟನ್ನಿನ ಪರವಾಗಿ ಪುಸ್ತಕ ಬರೆದಿದ್ದರು ಎಂಬುದನ್ನು ಮರೆಯಬೇಡಿ.

ಆದರೂ ತಮ್ಮನ ತೀರ್ಪು ಅವಸರದ್ದು ಅನ್ನಿಸುತ್ತದೆ. ರಾವ್‌ಸಾಹೇಬ ಕೆಳಗಿನ ದರ್ಜೆಯ ಬಿರುದು. ಕಂದಾಯ, ಪೊಲೀಸು, ಶಾಲೆ, ಆಸ್ಪತ್ರೆಗಳಲ್ಲಿ ದುಡಿದ ನೌಕರರಿಗೂ ಸಿಗುತ್ತಿದ್ದದ್ದು. ನಿಷ್ಠೆಯನ್ನು ತೂಗುತ್ತಿದ್ದರು, ಕೆಲಸವನ್ನೂ ತೂಗುತ್ತಿದ್ದರು. ನಿಮ್ಮ ಮುತ್ತಜ್ಜನ ವಿಷಯದಲ್ಲಿ ಯಾವುದು ಭಾರವಾಗಿತ್ತು ಅಂತ ಬಿರುದು ಹೇಳುವುದಿಲ್ಲ. 1911ರ ಗಾಳಿಯೂ ಬೇರೆ ಇತ್ತು. ಗಾಂಧೀಜಿಯೇ 1915ರಲ್ಲಿ ಬ್ರಿಟಿಷ್ ಸರ್ಕಾರದ ಕೈಸರ್-ಇ-ಹಿಂದ್ ಚಿನ್ನದ ಪದಕ ಪಡೆದು, 1920ರಲ್ಲಿ ಹಿಂತಿರುಗಿಸಿದರು. ವಿಶ್ವೇಶ್ವರಯ್ಯನವರಿಗೆ 1911ರಲ್ಲಿ ಸಿಐಇ ಎಂಬ ಬ್ರಿಟಿಷ್ ಗೌರವ ಬಂತು. ಅದಕ್ಕೆ 'ಸರ್' ಸೇರುವುದಿಲ್ಲ. ನಾವೆಲ್ಲ ಬಾಯಿತುಂಬ ಹೇಳುವ 'ಸರ್ ಎಂವಿ' ಆದದ್ದು 1915ರಲ್ಲಿ, ಅದರ ಮೇಲಿನ ದರ್ಜೆಯ ಕೆಸಿಐಇ ಬಂದ ಮೇಲೆ. ಅವರನ್ನು ಯಾರಾದರೂ ಬಾಲಬಡುಕ ಅಂತಾರಾ?

ಕರೆಯೋಲೆಗೆ ಕಾನೂನಿನ ಅಡ್ಡಿ ಇದೆಯೇ? ಸಂವಿಧಾನದ 18ನೇ ವಿಧಿಯ ಪ್ರಕಾರ ಸರ್ಕಾರ ಬಿರುದು ಕೊಡುವಂತಿಲ್ಲ, ನಾಗರಿಕರು ಪರದೇಶದಿಂದ ಪಡೆಯುವಂತಿಲ್ಲ. ಸೇನೆಯ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ನೂರು ವರ್ಷದ ಹಿಂದೆ ಮುತ್ತಜ್ಜನಿಗೆ ಇದ್ದ ಬಿರುದನ್ನು ಅವರ ಹೆಸರಿನ ಜೊತೆ ನೆನೆಯುವುದು ಬೇರೆ ಮಾತು. ಆದರೆ ಅದು ವಂಶಕ್ಕೆ ಇಳಿದು ಬರುವ ಬಿರುದಲ್ಲ. ನಿಮ್ಮ ಹೆಸರಿಗೆ ಹತ್ತಿಸಿಕೊಳ್ಳಬೇಡಿ.

ಅಚ್ಚಿಗೆ ಕೊಡುವ ಮುಂಚೆ ಒಂದು ಕೆಲಸ ಮಾಡಿ. ಬಿರುದು ಪಡೆದವರ ಹೆಸರುಗಳು ಆಗ 'ಗೆಜೆಟ್ ಆಫ್ ಇಂಡಿಯಾ'ದಲ್ಲಿ ಅಚ್ಚಾಗುತ್ತಿದ್ದವು. 1911ರ ಡಿಸೆಂಬರ್ ತಿಂಗಳ ಸಂಚಿಕೆಗಳಿಂದ ಶುರುಮಾಡಿ. ಜೂನ್ ತಿಂಗಳದ್ದನ್ನೂ ಬಿಡಬೇಡಿ. ಹೆಸರು ಸಿಕ್ಕಿದರೆ ಆ ಪುಟದ ಒಂದು ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪದಕದ ಚಿತ್ರದ ಜೊತೆ ಹಾಕೋಣ.

– ಸಂಪಾದಕ