ಬಾಕ್ಸ್ ಮೇಲೆ 12 ಜಿಬಿ, ಒಳಗೆ ನಾಲ್ಕೇ

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮದು ಸಣ್ಣ ಗೊಬ್ಬರದ ಅಂಗಡಿ. ಈಗಿರುವ ಫೋನ್ ಬೇಸಿಗೆಯಲ್ಲಿ ಕಾದು ನಿಂತೇ ಬಿಡುತ್ತದೆ. ಒಂಬತ್ತು ಸಾವಿರದೊಳಗೆ ಒಂದು ಹೊಸ ಫೋನ್ ನೋಡಿದ್ದೇನೆ. ಆಕ್ಟಾ ಕೋರ್, 12 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, 50 ಮೆಗಾಪಿಕ್ಸೆಲ್ ಕ್ಯಾಮೆರಾ ಅಂತ ಬಾಕ್ಸ್ ಮೇಲಿದೆ. ಹಗಲು ಫೋನ್‌ಪೇ, ವಾಟ್ಸಾಪ್, ಉದ್ರಿ ಲೆಕ್ಕದ ಆಪ್. ರಾತ್ರಿ ಪಿಯುಸಿ ಓದುವ ಮಗಳು ಅದರಲ್ಲೇ ಪಾಠದ ವಿಡಿಯೊ ನೋಡುತ್ತಾಳೆ. ಗೇಮ್ ಯಾರೂ ಆಡಲ್ಲ. ಇದು ಸಾಕಾ? ಮೂರು ವರ್ಷ ಬರುತ್ತಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಮೊದಲ ಆರು ತಿಂಗಳಿಗೆ ಸಾಕು. ಮೂರು ವರ್ಷಕ್ಕೆ ಸಾಲದು ಅಂತ ನನ್ನ ಲೆಕ್ಕ.

ಮೊದಲು ಆ 12 ಜಿಬಿ ರ‍್ಯಾಮ್ ವಿಷಯ. ರ‍್ಯಾಮ್ ಅಂದರೆ ತೆರೆದ ಆಪ್‌ಗಳು ಕೂರುವ ಜಾಗ, ಸ್ಟೋರೇಜ್ ಅಂದರೆ ಫೋಟೊ, ವಿಡಿಯೊ ಉಳಿಯುವ ಜಾಗ. ಬಾಕ್ಸನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ‘4 ಜಿಬಿ + 8 ಜಿಬಿ ವರ್ಚುವಲ್’ ಅಂತ ಇರುತ್ತದೆ. ನಿಜವಾದ ರ‍್ಯಾಮ್ ನಾಲ್ಕೇ. ಉಳಿದ ಎಂಟು ಸ್ಟೋರೇಜ್‌ನಿಂದ ತಂದ ಸಾಲ. ನಿಮ್ಮ ಅಂಗಡಿಯನ್ನೇ ನೋಡಿ. ಕೌಂಟರ್ ಪಕ್ಕದಲ್ಲಿ ನಾಲ್ಕು ಚೀಲ ಯೂರಿಯಾ, ಹಿಂದಿನ ಓಣಿಯ ಗೋದಾಮಿನಲ್ಲಿ ಎಂಟು. ಒಟ್ಟು ಹನ್ನೆರಡು ಅನ್ನುವುದು ಸುಳ್ಳಲ್ಲ. ಆದರೆ ಗಿರಾಕಿ ಎದುರಿಗೆ ನಿಂತಾಗ ಕೈಗೆ ಸಿಗುವುದು ನಾಲ್ಕೇ ತಾನೆ? ಅದರಲ್ಲೂ ಸುಮಾರು ಅರ್ಧ ಆಂಡ್ರಾಯ್ಡ್‌ಗೇ ಬೇಕು. ಮಿಕ್ಕಿದ್ದರಲ್ಲಿ ನಿಮ್ಮ ಆಪ್‌ಗಳೆಲ್ಲ ಒತ್ತಿಕೊಂಡು ಕೂರಬೇಕು.

ಸರಿ, ಗೋದಾಮಿಗೆ ಓಡಿ ತರೋಣ ಅಂದರೆ ದಾರಿ ಹೇಗಿದೆ? ಇದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ. ಈ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಇರುವುದು ಇಎಂಎಂಸಿ ಎಂಬ ಹಳೇ ಬಗೆಯ ಸ್ಟೋರೇಜ್. ಅದು ಕಾಲುವೆ ಮೇಲಿನ ಸಣ್ಣ ಸೇತುವೆ ಇದ್ದ ಹಾಗೆ. ಆ ಕಡೆಯ ಟ್ರ್ಯಾಕ್ಟರ್ ದಾಟುವವರೆಗೂ ಈ ಕಡೆಯದು ನಿಲ್ಲಬೇಕು. ಅಂದರೆ ಡೇಟಾ ಓದುವುದು, ಬರೆಯುವುದು ಎರಡೂ ಒಟ್ಟಿಗೆ ಆಗಲ್ಲ. ಯುಎಫ್‌ಎಸ್ 2.2 ಅನ್ನುವ ಬಗೆಯಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ವೇಗವೂ ಎರಡು ಮೂರು ಪಟ್ಟು ಜಾಸ್ತಿ.

ನಾನೂ ಒಮ್ಮೆ ಇಂಥದ್ದೇ 4/64 ಫೋನ್ ತಗೊಂಡು ಪಾಠ ಕಲಿತವನೇ. ವರ್ಷ ದಾಟಿತ್ತು. ರಾಯಚೂರು ಬಸ್ ಸ್ಟ್ಯಾಂಡ್ ಹತ್ತಿರ ಒಗ್ಗರಣೆ ಮಿರ್ಚಿ ತಿಂದು ದುಡ್ಡು ಕೊಡಲು ಸ್ಕ್ಯಾನರ್ ಒತ್ತಿದೆ. ಪರದೆ ಕಪ್ಪಾಯಿತು. ಮನಸ್ಸಿನಲ್ಲೇ ಹನ್ನೊಂದು ಎಣಿಸಿದ ಮೇಲೆ ಕ್ಯಾಮೆರಾ ಬಂತು. ಪಿನ್ ಒತ್ತಿದರೆ ಒಂದಂಕೆ ಬಿತ್ತು, ಎರಡನೆಯದು ಬೀಳಲಿಲ್ಲ. ಹಿಂದೆ ನಿಂತವರು ‘ಸರೀರಿ ಸ್ವಲ್ಪ’ ಅಂತ ಕೈ ಚಾಚಿ ತಮ್ಮ ದುಡ್ಡು ಕೊಟ್ಟು ಹೋದರು. ಆಮೇಲೆ ನೋಡಿದರೆ ಸ್ಟೋರೇಜ್‌ನಲ್ಲಿ ಖಾಲಿ ಇದ್ದದ್ದು ಎರಡೇ ಜಿಬಿ. ಮಿಕ್ಕಿದ್ದೆಲ್ಲ ವಾಟ್ಸಾಪ್‌ನ ಶುಭೋದಯ. ತುಂಬಿದ ಇಎಂಎಂಸಿ ಹೀಗೇ ತೆವಳುತ್ತದೆ. 64 ಜಿಬಿಯಲ್ಲಿ ಸಿಸ್ಟಂ ತನ್ನ ಪಾಲು ಮೊದಲೇ ತಗೊಂಡಿರುತ್ತದೆ. ಮಗಳ ಪಾಠದ ವಿಡಿಯೊಗಳನ್ನು ಡೌನ್‌ಲೋಡ್ ಮಾಡಿದರಂತೂ ಬೇಗ ತುಂಬುತ್ತದೆ.

‘ಆಕ್ಟಾ ಕೋರ್’ ಅಂದರೆ ಎಂಟು ಆಳುಗಳು, ಅಷ್ಟೇ. ಆಳು ಗಟ್ಟಿಯೋ ಇಲ್ಲವೋ ಅದು ಹೇಳಲ್ಲ. ಹೀಲಿಯೊ ಜಿ36 ಎಂಬ ಅಗ್ಗದ ಪ್ರೊಸೆಸರ್‌ನಲ್ಲಿ ಎಂಟೂ ಕಾರ್ಟೆಕ್ಸ್ ಎ53 ಎಂಬ ಬಗೆಯ ಕೋರ್. ಆ ವಿನ್ಯಾಸ ಬಂದದ್ದು 2012ರಲ್ಲಿ. ಯುನಿಸಾಕ್ ಟಿ606 ಪ್ರೊಸೆಸರ್‌ನಲ್ಲಿ ಎರಡಾದರೂ ಗಟ್ಟಿ ಕೋರ್‌ಗಳಿವೆ, ನಿಮ್ಮ ಹಗಲಿನ ಕೆಲಸ ನಡೆಯುತ್ತದೆ. ಡೈಮೆನ್ಸಿಟಿ 6300 ಅಥವಾ ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2 ಸಿಕ್ಕರೆ ಇನ್ನೂ ಒಳ್ಳೆಯದು. 50 ಮೆಗಾಪಿಕ್ಸೆಲ್ ಬಗ್ಗೆ ನಾನು ಏನೂ ಹೇಳಲ್ಲ, ನೀವು ಕೇಳಿದ್ದು ವೇಗ.

ಬಿಸಿಲಿನ ಮಾತಿಗೆ ಬರೋಣ. ನಮ್ಮ ಕಡೆಯವರು ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ಫೋನ್ ಕಂಪನಿಗಳು ಸಾಮಾನ್ಯವಾಗಿ 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅನ್ನುತ್ತವೆ. ಮೇ ತಿಂಗಳಲ್ಲಿ ನಮ್ಮಲ್ಲಿ 40 ದಾಟುತ್ತದೆ, ತಗಡಿನ ಶೀಟ್ ಕೆಳಗೆ ಇನ್ನೂ ಜಾಸ್ತಿ. ಕಾದರೆ ಫೋನ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗ ಇಳಿಸುತ್ತದೆ, ಪರದೆ ಮಂಕಾಗುತ್ತದೆ, ಚಾರ್ಜಿಂಗ್ ನಿಧಾನವಾಗುತ್ತದೆ. ಅದಕ್ಕೇ ನಿಮ್ಮ ಹಳೇದು ನಿಂತು ಬಿಡುವುದು. ಮೇಲೆ ಹೇಳಿದ ಜಿ36, ಟಿ606 ಎರಡೂ 12 ನ್ಯಾನೊಮೀಟರ್ ಚಿಪ್. ಡೈಮೆನ್ಸಿಟಿ 6300 ಆರು ನ್ಯಾನೊಮೀಟರ್, ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2 ನಾಲ್ಕು. ಈ ಅಂಕಿ ಕಡಿಮೆ ಇದ್ದಷ್ಟೂ ಅದೇ ಕೆಲಸಕ್ಕೆ ಸಾಮಾನ್ಯವಾಗಿ ಕಡಿಮೆ ಕಾಯುತ್ತದೆ. ಎಸಿ ಶೋರೂಮಿನಲ್ಲಿ ಎಲ್ಲ ಫೋನೂ ಓಡುತ್ತೆ ಬಿಡಿ.

ಹಾಗಾದರೆ ಏನು ಮಾಡೋದು? ಎರಡು ಸಾವಿರ ಚಿಲ್ಲರೆ ಹೆಚ್ಚು ಹಾಕಲು ಆಗುತ್ತಾ ನೋಡಿ. ನಿಜವಾದ 6 ಜಿಬಿ ರ‍್ಯಾಮ್, 128 ಜಿಬಿ ಯುಎಫ್‌ಎಸ್ ಇರುವುದನ್ನು ಹುಡುಕಿ. ಹೊಸದರಲ್ಲಿ ಸಿಗದಿದ್ದರೆ ಹೋದ ವರ್ಷದ ಮಾಡೆಲ್ ಕೇಳಿ, ಸ್ಟಾಕ್ ಉಳಿದಿದ್ದರೆ ಬೆಲೆ ಇಳಿದಿರುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬಾಕಿ ಇದೆ ಅನ್ನುವುದನ್ನು ಮಾತ್ರ ಕೇಳಲು ಮರೆಯಬೇಡಿ, ಹಣ ಓಡಾಡುವ ಫೋನ್ ಅದು. ಇನ್ನೊಂದು: 5ಜಿ ಅಂತ ಬರೆದಿದ್ದರೆ ನಿಮ್ಮ ಸಿಮ್‌ಗೆ ನಡೆಯುತ್ತಾ ಕೇಳಿ. ಕೆಲವು ಅಗ್ಗದ ಫೋನ್‌ಗಳಲ್ಲಿ ‘ಎಸ್‌ಎ’ ಬಗೆಯ, ಅಂದರೆ 4ಜಿ ಆಸರೆ ಇಲ್ಲದೆ ತಾನೇ ನಡೆಯುವ 5ಜಿ ಮಾತ್ರ ಇರುತ್ತದೆ. ಜಿಯೋ ನಡೆಸುವುದು ಅದನ್ನೇ. ಏರ್‌ಟೆಲ್ 5ಜಿ ಶುರು ಮಾಡಿದ್ದು 4ಜಿ ಆಸರೆಯಲ್ಲಿ ನಡೆಯುವ ‘ಎನ್‌ಎಸ್‌ಎ’ ಮೇಲೆ. ಹಾಗಾಗಿ ಅಂಥ ಫೋನಿಗೆ ಏರ್‌ಟೆಲ್ ಸಿಮ್ ಹಾಕಿದರೆ 5ಜಿ ಸಿಗದೇ ಹೋಗಬಹುದು.

ಬಜೆಟ್ ಒಂಬತ್ತರ ಮೇಲೆ ಒಂದು ರೂಪಾಯಿಯೂ ಏರಲ್ಲ ಅಂದರೆ ಅಂಗಡಿಗೆ ಮತ್ತೊಮ್ಮೆ ಹೋಗಿ. ಡಿಸ್ಪ್ಲೇಗೆ ಇಟ್ಟ ಫೋನನ್ನೇ ಹತ್ತು ನಿಮಿಷ ಕೇಳಿ. ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಹಾಕಿ, ಅದನ್ನು ಬಿಟ್ಟು ಕ್ಯಾಮೆರಾ, ಆಮೇಲೆ ಮ್ಯಾಪ್ಸ್, ಆಮೇಲೆ ಕ್ರೋಮ್‌ನಲ್ಲಿ ಒಂದು ಕನ್ನಡ ಪತ್ರಿಕೆ ತೆರೆಯಿರಿ. ಕನ್ನಡ ಕೀಬೋರ್ಡ್ ಹಾಕಿ ‘ಸಿಂಧನೂರು’ ಅಂತ ಬೇಗ ಬೇಗ ಟೈಪ್ ಮಾಡಿ, ಬೆರಳಿನ ಹಿಂದೆಯೇ ಅಕ್ಷರ ಬರುತ್ತಾ ನೋಡಿ. ಬಾಗಿಲ ತನಕ ಬಂದು ಬಿಸಿಲಿಗೆ ಹಿಡಿದರೆ ಪರದೆ ಕಾಣುತ್ತಾ ಅನ್ನುವುದೂ ಗೊತ್ತಾಗುತ್ತದೆ. ಕೊನೆಗೆ ವಾಪಸ್ ಯೂಟ್ಯೂಬ್‌ಗೆ ಬನ್ನಿ. ಬಿಟ್ಟ ಜಾಗದಲ್ಲೇ ವಿಡಿಯೊ ನಿಂತಿದ್ದರೆ ಸರಿ. ಆಪ್ ಮತ್ತೆ ಮೊದಲಿನಿಂದ ತೆರೆದುಕೊಂಡರೆ, ಏನೂ ತುಂಬದ ಫೋನಿನಲ್ಲೇ ಈ ಕಥೆ ಅಂದ ಮೇಲೆ, ನಿಮ್ಮ ಉದ್ರಿ ಲೆಕ್ಕ, ಮಗಳ ಪಾಠ ಎಲ್ಲ ಸೇರಿದಾಗ ಅದರ ಕೈಲಿ ಆಗಲ್ಲ. ಬೇರೆ ಮಾಡೆಲ್ ತೋರಿಸಿ ಅನ್ನಿ.