ರುಬಿಡಿಯಂ ಕೆಟ್ಟಿಲ್ಲ, ಒಂದು ದಿನ ಕಾಯಿರಿ

ಹಳೇ ರುಬಿಡಿಯಂ ಆಸಿಲೇಟರನ್ನು (ರುಬಿಡಿಯಂ ಪರಮಾಣುಗಳ ನೆರವಿನಿಂದ ನಿಖರ ಆವರ್ತನ ಕೊಡುವ ಸಾಧನ) ಜಿಪಿಎಸ್ ರಿಸೀವರ್ ಸೆಕೆಂಡಿಗೊಮ್ಮೆ ಕೊಡುವ ಪಲ್ಸ್ ಜೊತೆ ಹೋಲಿಸಿದರೆ ಎರಡರ ನಡುವಿನ ಸಮಯದ ವ್ಯತ್ಯಾಸ ಪ್ರತಿ ಸೆಕೆಂಡಿಗೂ 20-30 ನ್ಯಾನೋಸೆಕೆಂಡ್ ಹಿಂದೆ ಮುಂದೆ ಕುಣಿಯುತ್ತದೆ, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಆ ಕುಣಿತ ಬಹುಮಟ್ಟಿಗೆ ಜಿಪಿಎಸ್ ರಿಸೀವರಿನದ್ದೇ. ಕಡಿಮೆ ಅವಧಿಯಲ್ಲಿ ರುಬಿಡಿಯಂ ಜಾಸ್ತಿ ಸ್ಥಿರ. ದಿನಗಟ್ಟಲೆ ನೋಡಿದರೆ ಜಿಪಿಎಸ್ ಮೇಲು, ಅಲ್ವಾ?

ಹಾಗಾಗಿ ಆ ವ್ಯತ್ಯಾಸವನ್ನು 24 ಗಂಟೆ ಬಿಡದೆ ದಾಖಲಿಸಿ, ಗ್ರಾಫಿನ ಇಳಿಜಾರು ನೋಡಿ. ದಿನಕ್ಕೆ 864 ನ್ಯಾನೋಸೆಕೆಂಡ್ ಸರಿದರೆ ಆವರ್ತನದ ವ್ಯತ್ಯಾಸ 10,000 ಕೋಟಿಯಲ್ಲಿ 1 ಭಾಗ. ಹಳೇ ಘಟಕಕ್ಕೆ ಅದು ನಿಜಕ್ಕೂ ಸೊಗಸಾದ ಫಲಿತಾಂಶ!

ತಳಕ್ಕೆ ಒಳ್ಳೆಯ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಹಾಕಿ. ಫ್ಯಾನ್ ಗಾಳಿ ನೇರವಾಗಿ ಬಡಿಯುವುದು ಬೇಡ, ಉಷ್ಣತೆ ಏರಿಳಿದರೆ ಆವರ್ತನವೂ ಸರಿಯುತ್ತದೆ. ಕೆಲವು ದಿನ ಇಳಿಜಾರು ಒಂದೇ ರೀತಿ ಬರುವ ತನಕ ಆವರ್ತನ ಹೊಂದಾಣಿಕೆಯ ಸ್ಕ್ರೂ ಸುಮ್ನೆ ಮುಟ್ಟಬೇಡಿ.