ಗ್ಯಾಸ್ ತುಂಬಿಸುವ ಮೊದಲು ಗಾಳಿಯನ್ನು ನೋಡಿ: ದೊಡ್ಡ ಕಟ್ಟಡಗಳ ಎ.ಸಿ. ಮತ್ತು ತಾಪನ ತೊಂದರೆಗಳು

ಈ ಬಾರಿ ಬಂದಿರುವ ಪತ್ರಗಳೆಲ್ಲ ಕಚೇರಿ, ಸಭಾಂಗಣ, ವಸತಿಗೃಹಗಳಂಥ ದೊಡ್ಡ ಕಟ್ಟಡಗಳ ನಿರ್ವಹಣೆ ನೋಡಿಕೊಳ್ಳುವವರವು. ಹೆಚ್ಚಿನವು "ಯಾವ ಭಾಗ ಬದಲಿಸಬೇಕು?" ಎಂಬಲ್ಲಿಗೆ ಬಂದು ನಿಲ್ಲುತ್ತವೆ, ಏನನ್ನು ಅಳೆದು ನೋಡಿದಿರಿ, ಎಷ್ಟು ಬಂತು ಎಂಬ ವಿವರ ಮಾತ್ರ ಅಪರೂಪ. ಈ ಯಂತ್ರಗಳಲ್ಲಿ ತೊಂದರೆ ಕಾಣಿಸುವ ಜಾಗ ಒಂದು, ಅದರ ಮೂಲ ಇನ್ನೊಂದು ಆಗಿರುವುದೇ ಹೆಚ್ಚಾದ್ದರಿಂದ, ಕೆಳಗಿನ ಉತ್ತರಗಳಲ್ಲಿ ಬಿಡಿಭಾಗಗಳಿಗಿಂತ ಅಳತೆಯ ಮಾತೇ ಜಾಸ್ತಿ ಇದೆ.

ಪ್ರಶ್ನೆ: ನಮ್ಮ ಕಚೇರಿಯ ಮೇಲ್ಛಾವಣಿಯ ಮೇಲಿರುವ ಪ್ಯಾಕೇಜ್ ಎ.ಸಿ.ಗೆ ಎರಡು ವರ್ಷಗಳಿಂದ ವರ್ಷಕ್ಕೆರಡು ಸಲ ಗ್ಯಾಸ್ ತುಂಬಿಸುತ್ತಿದ್ದೇವೆ. ಆದರೂ ಮಧ್ಯಾಹ್ನದ ಹೊತ್ತಿಗೆ ಕೂಲಿಂಗ್ ಕಾಯಿಲ್ (ಗಾಳಿ ತಣಿಸುವ ಕೊಳವೆಗಳ ಸುರುಳಿ) ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿ ಬರುವುದೇ ನಿಂತುಹೋಗುತ್ತದೆ. ರಾತ್ರಿ ನಿಲ್ಲಿಸಿ ಬೆಳಗ್ಗೆ ಹಾಕಿದರೆ ಸರಿಯಾಗಿರುತ್ತದೆ. ಈಗ ಮತ್ತೆ ಗ್ಯಾಸ್ ಕಡಿಮೆಯಾಗಿದೆ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎ.ಸಿ.ಯ ಗ್ಯಾಸ್ ವಾಹನದ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಅನಿಲ ದ್ರವವಾಗಿ, ಮತ್ತೆ ಅನಿಲವಾಗಿ ವರ್ಷಾನುಗಟ್ಟಲೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಅದು ನಿಜಕ್ಕೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ನಾಲ್ಕು ಸಲ ತುಂಬಿಸಿದವರು ರೋಗ ಕೇಳದೆ ಔಷಧಿ ಕೊಟ್ಟಂತಾಯಿತು. ನಿಮ್ಮಲ್ಲಿ ಸೋರಿಕೆಯೇ ಇಲ್ಲದೆ, ಈಗಾಗಲೇ ಗ್ಯಾಸ್ ಹೆಚ್ಚಾಗಿರುವ ಸಾಧ್ಯತೆಯನ್ನೂ ನಾನು ತಳ್ಳಿಹಾಕುವುದಿಲ್ಲ.

ಕಾಯಿಲ್ ಮಂಜುಗಟ್ಟಲು ಮುಖ್ಯವಾಗಿ ಎರಡು ಕಾರಣಗಳಿವೆ. ಗ್ಯಾಸ್ ಕಡಿಮೆಯಾದರೆ ಕಾಯಿಲ್ ಒಳಗಿನ ಒತ್ತಡ ಇಳಿದು, ಅದರೊಡನೆ ಉಷ್ಣತೆಯೂ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಕಾಯಿಲ್ ಮೇಲೆ ಹಾಯುವ ಗಾಳಿ ಕಡಿಮೆಯಾದರೂ ಇದೇ ಆಗುತ್ತದೆ, ಏಕೆಂದರೆ ಒಳಗೆ ಕುದಿಯಬೇಕಾದ ದ್ರವಕ್ಕೆ ಬೇಕಾದಷ್ಟು ಶಾಖ ಸಿಗುವುದಿಲ್ಲ. ಎರಡನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ. ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರ) ನಿಲ್ಲಿಸಿ, ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಮಾತ್ರ ಓಡಿಸಿ ಮಂಜುಗಡ್ಡೆಯನ್ನು ಪೂರ್ತಿ ಕರಗಿಸಿ. ಮತ್ತೆ ಚಾಲೂ ಮಾಡಿ ಹದಿನೈದು ಇಪ್ಪತ್ತು ನಿಮಿಷಗಳ ಬಳಿಕ, ಯಂತ್ರಕ್ಕೆ ಮರಳಿ ಬರುವ ಗಾಳಿಯ ಮತ್ತು ಹೊರಬೀಳುವ ಗಾಳಿಯ ಉಷ್ಣತೆಗಳನ್ನು ಅಳೆಯಿರಿ. ಸಾಮಾನ್ಯವಾಗಿ ಇವುಗಳ ನಡುವೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ಅಂತರವಿರುತ್ತದೆ. ಅಂತರ ಇದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಗಾಳಿಯ ಕೊರತೆಯನ್ನೂ, ಕಡಿಮೆಯಿದ್ದರೆ ಗ್ಯಾಸ್ ಅಥವಾ ಕಂಪ್ರೆಸರ್ ಕಡೆಯ ದೋಷವನ್ನೂ ಶಂಕಿಸಬೇಕು. ಮಂಜು ಹಬ್ಬುವ ಬಗೆಯೂ ಸುಳಿವು ಕೊಡುತ್ತದೆ: ಗ್ಯಾಸ್ ಕಡಿಮೆಯಾದಾಗ ಅದು, ದ್ರವದ ಒತ್ತಡ ಇಳಿಸಿ ಕಾಯಿಲಿಗೆ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್ ದಾಟಿದ ಮೊದಲ ಕೆಲವು ಕೊಳವೆಗಳಲ್ಲಿ ಶುರುವಾಗುತ್ತದೆ, ಗಾಳಿ ಕಡಿಮೆಯಾದಾಗ ಕಾಯಿಲ್ ಉದ್ದಗಲಕ್ಕೂ ಹೆಚ್ಚುಕಡಿಮೆ ಒಂದೇ ಸಮನೆ ಹರಡುತ್ತದೆ.

ಗಾಳಿಯ ಕೊರತೆ ಎಂದು ಗೊತ್ತಾದರೆ ಫಿಲ್ಟರ್, ಮುಚ್ಚಿಕೊಂಡ ಡ್ಯಾಂಪರ್ (ಗಾಳಿಯ ದಾರಿಯ ಬಾಗಿಲು), ಕಾಯಿಲ್ ಹಿಂಬದಿಯ ಧೂಳು ಇವನ್ನೆಲ್ಲ ನೋಡುವುದು ಎಲ್ಲರಿಗೂ ತಿಳಿದಿದೆ. ಮೋಟಾರಿನಿಂದ ಬ್ಲೋವರನ್ನು ತಿರುಗಿಸುವ ಬೆಲ್ಟನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಅದರ ಬದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದು, ಗಾರ್ಡ್ ಒಳಗೆ ಕರಿ ಪುಡಿ ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ ಎಂದು ತಿಳಿಯಿರಿ. ಇನ್ನೂ ಒಂದು ವಿಚಿತ್ರವಿದೆ. ಒಂದು ಕಟ್ಟಡದಲ್ಲಿ ವಿದ್ಯುತ್ ಫಲಕದ ಕೆಲಸ ನಡೆದ ಮರುದಿನದಿಂದಲೇ ಕಾಯಿಲ್ ಮಂಜುಗಟ್ಟತೊಡಗಿತ್ತು. ಎರಡು ಸಲ ಗ್ಯಾಸ್ ತುಂಬಿಸಿದ ಮೇಲೆ ನನ್ನನ್ನು ಕರೆದಿದ್ದರು. ಮೂರು ಫೇಸ್‌ಗಳಲ್ಲಿ ಎರಡು ಅದಲು ಬದಲಾಗಿ ಬ್ಲೋವರ್ ಹಿಂದುಮುಂದಾಗಿ ತಿರುಗುತ್ತಿತ್ತು. ಡ್ರಮ್ಮಿನಂಥ ಚಕ್ರವಿರುವ ಈ ಬಗೆಯ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಸರಿಯಾದ ದಿಕ್ಕಿಗೇ ಬರುತ್ತದೆ, ಆದರೆ ಪ್ರಮಾಣ ತೀರಾ ಇಳಿಯುತ್ತದೆ. ಗ್ರಿಲ್ ಮುಂದೆ ಕೈಯೊಡ್ಡಿ "ಗಾಳಿ ಬರುತ್ತಿದೆಯಲ್ಲ" ಎಂದು ಎಲ್ಲರೂ ಸಮಾಧಾನಪಟ್ಟಿದ್ದರು.

ಗಾಳಿ ಸರಿಯಿದ್ದರೆ ಮಾತ್ರ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚುವ ಸರದಿ ಬರುತ್ತದೆ. ಆಗಲೂ ಬರೀ ಒತ್ತಡ ನೋಡಿ ತೀರ್ಮಾನಿಸುವ ತಂತ್ರಜ್ಞರಿಗೆ ಯಂತ್ರ ಒಪ್ಪಿಸಬೇಡಿ. ಕಾಯಿಲಿನಲ್ಲಿ ಪೂರ್ತಿ ಅನಿಲವಾದ ಮೇಲೆ ಗ್ಯಾಸ್ ಇನ್ನೆಷ್ಟು ಡಿಗ್ರಿ ಬಿಸಿಯಾಯಿತು ಎಂಬುದು ಸೂಪರ್‌ಹೀಟ್. ಶಾಖವನ್ನು ಹೊರಬಿಡುವ ಕಂಡೆನ್ಸರಿನಲ್ಲಿ ಪೂರ್ತಿ ದ್ರವವಾದ ಮೇಲೆ ಇನ್ನೆಷ್ಟು ತಣಿಯಿತು ಎಂಬುದು ಸಬ್‌ಕೂಲಿಂಗ್. ಸೂಪರ್‌ಹೀಟ್ ಹೆಚ್ಚಾಗಿದ್ದು ಸಬ್‌ಕೂಲಿಂಗ್ ಕಡಿಮೆಯಿದ್ದರೆ ಗ್ಯಾಸ್ ಸಾಲದು. ಎರಡೂ ಹೆಚ್ಚಿದ್ದರೆ ಗ್ಯಾಸ್ ಸಾಕಷ್ಟಿದೆ, ದಾರಿಯಲ್ಲಿ ಸಿಕ್ಕಿಕೊಂಡಿದೆ: ಫಿಲ್ಟರ್ ಡ್ರೈಯರ್ (ಗ್ಯಾಸಿನ ತೇವ, ಕಸ ಹಿಡಿಯುವ ಡಬ್ಬಿ) ಅಥವಾ ಎಕ್ಸ್‌ಪ್ಯಾನ್ಶನ್ ವಾಲ್ವ್ ಕಟ್ಟಿರಬೇಕು. ಡ್ರೈಯರಿನ ಒಂದು ತುದಿಗಿಂತ ಇನ್ನೊಂದು ತುದಿ ಕೈಗೆ ತಣ್ಣಗೆ ತಾಗಿದರೆ ಅಡಚಣೆ ಅಲ್ಲಿಯೇ ಇದೆ. ಇಂಥ ಯಂತ್ರಕ್ಕೆ ಮತ್ತಷ್ಟು ಗ್ಯಾಸ್ ತುಂಬಿಸಿದರೆ ಕಂಪ್ರೆಸರಿಗೆ ಹೊರೆ ಹೆಚ್ಚುವುದೇ ಹೊರತು ತಂಪು ಹೆಚ್ಚುವುದಿಲ್ಲ.

ಸೋರಿಕೆಯೇ ಖಚಿತವಾದರೆ ಬೆಸುಗೆ ಮತ್ತು ಜೋಡಣೆಗಳ ಬಳಿ ಎಣ್ಣೆಯ ಕಲೆ ಹುಡುಕಿ, ಏಕೆಂದರೆ ಗ್ಯಾಸ್ ಹೋಗುವಾಗ ಕಂಪ್ರೆಸರಿನ ಎಣ್ಣೆಯನ್ನೂ ಸ್ವಲ್ಪ ಹೊತ್ತೊಯ್ಯುತ್ತದೆ. ಒತ್ತಡ ಪರೀಕ್ಷೆಗೆ ಒಣ ನೈಟ್ರೋಜನ್ ಮಾತ್ರ ಬಳಸಬೇಕು. ಆಕ್ಸಿಜನ್ ಎಣ್ಣೆಯೊಡನೆ ಸೇರಿದರೆ ಸ್ಫೋಟವಾಗಬಹುದು. ದುರಸ್ತಿಯ ಬಳಿಕ ಪಂಪಿನಿಂದ ಕೊಳವೆಗಳನ್ನು ಬರಿದು ಮಾಡಿದಾಗ ವ್ಯಾಕ್ಯೂಮ್ (ಒಳಗೆ ಉಳಿದ ಒತ್ತಡ, ಮೈಕ್ರಾನ್ ಅದರ ಅಳತೆ) 500 ಮೈಕ್ರಾನ್‌ಗಿಂತ ಕೆಳಗಿಳಿದು, ಪಂಪ್ ನಿಲ್ಲಿಸಿದ ಮೇಲೂ ನಿಲ್ಲಬೇಕು. ನಿಮ್ಮ ಯಂತ್ರದ ಗ್ಯಾಸ್ ಆರ್-407ಸಿ ಆಗಿದ್ದರೆ ಇನ್ನೊಂದು ಮಾತು: ಅದು ಬೇರೆ ಬೇರೆ ಕುದಿಬಿಂದುಗಳ ಮೂರು ಅನಿಲಗಳ ಮಿಶ್ರಣವಾದ್ದರಿಂದ ಸೋರುವಾಗ ಮೂರೂ ಒಂದೇ ಪ್ರಮಾಣದಲ್ಲಿ ಸೋರುವುದಿಲ್ಲ. ದೊಡ್ಡ ಸೋರಿಕೆಯಾದಾಗ ಉಳಿದದ್ದನ್ನು ಹೊರತೆಗೆದು, ತೂಕ ಹಾಕಿ, ದ್ರವರೂಪದಲ್ಲಿ ಹೊಸದಾಗಿ ತುಂಬಿಸುವುದು ಸರಿಯಾದ ಕ್ರಮ.

ಪ್ರಶ್ನೆ: ಸಭಾಂಗಣದಲ್ಲಿ 22 ಡಿಗ್ರಿ ತೋರಿಸುತ್ತದೆ, ಆದರೂ ಕುಳಿತವರಿಗೆ ಮೈ ಅಂಟಂಟು. ಮುಗ್ಗಲು ವಾಸನೆಯೂ ಇದೆ. ಇನ್ನೂ ದೊಡ್ಡ ಯಂತ್ರ ಹಾಕಿಸಬೇಕೇ?

ಉತ್ತರ: ಬೇಡ. ಬಹುಶಃ ಈಗಿರುವುದೇ ಅಗತ್ಯಕ್ಕಿಂತ ದೊಡ್ಡದು. ಎ.ಸಿ. ಮಾಡುವ ಕೆಲಸ ಎರಡು, ಗಾಳಿಯನ್ನು ತಣಿಸುವುದು ಮತ್ತು ಅದರ ತೇವವನ್ನು ಹಿಂಡುವುದು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ರೂಪಿಸಿದ ವ್ಯವಸ್ಥೆಯ ಮುಖ್ಯ ಉದ್ದೇಶವೇ ತೇವಾಂಶದ ನಿಯಂತ್ರಣವಾಗಿತ್ತು, ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳ ಅಚ್ಚು ಕೂಡದಂತಾಗುತ್ತಿತ್ತು. ಅತಿ ದೊಡ್ಡ ಯಂತ್ರ ಕೆಲವೇ ನಿಮಿಷಗಳಲ್ಲಿ ಉಷ್ಣತೆ ಇಳಿಸಿ ನಿಂತುಬಿಡುತ್ತದೆ. ಕಾಯಿಲ್ ಮೇಲೆ ಕೂಡಿದ ನೀರು ತೊಟ್ಟಿಕ್ಕಿ ಡ್ರೈನ್ ಸೇರಲು ಬೇಕಾದ ಸಮಯವೇ ಸಿಗುವುದಿಲ್ಲ.

ಇದಕ್ಕೆ ಬ್ಲೋವರನ್ನು ಸದಾ ಓಡುವಂತೆ ಇಟ್ಟಿರುವ ಸ್ವಿಚ್ಚೂ ಸೇರಿಕೊಂಡರೆ ಕೆಲಸ ಕೆಟ್ಟಿತು. ಕಂಪ್ರೆಸರ್ ನಿಂತ ಮೇಲೂ ಗಾಳಿ ಒದ್ದೆ ಕಾಯಿಲ್ ಮೇಲೆ ಹಾಯುತ್ತ, ಆಗಷ್ಟೇ ಹಿಂಡಿದ ನೀರನ್ನೆಲ್ಲ ಸಭಾಂಗಣಕ್ಕೆ ಮರಳಿಸುತ್ತದೆ. ಒಂದು ದಿನ ಗಡಿಯಾರ ಹಿಡಿದು ಕಂಪ್ರೆಸರ್ ಎಷ್ಟು ನಿಮಿಷ ಓಡುತ್ತದೆ, ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಬರೆದಿಡಿ. ತೇವಾಂಶ ಮಾಪಕ ಶೇ. 60ಕ್ಕಿಂತ ಮೇಲೇ ನಿಂತಿದ್ದರೆ ಮೊದಲು ಬ್ಲೋವರನ್ನು ಆಟೋ ಸ್ಥಾನಕ್ಕೆ ತಂದು ನೋಡಿ. ಸಭಾಂಗಣ ಖಾಲಿಯಿದ್ದಾಗಲೂ ಹೊರಗಿನ ತೇವದ ಗಾಳಿ ಎಳೆಯುವ ಡ್ಯಾಂಪರ್ ಪೂರ್ತಿ ತೆರೆದೇ ಇರುತ್ತದೆಯೇ ಎಂಬುದನ್ನೂ ಪರಿಶೀಲಿಸಿ. ಥರ್ಮೋಸ್ಟ್ಯಾಟನ್ನು 20ಕ್ಕೆ ಇಳಿಸುವುದು ಎಲ್ಲರೂ ಮಾಡುವ ತಪ್ಪು. ಜನರಿಗೆ ಚಳಿಯಾಗುತ್ತದೆ, ಅಂಟು ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಡ್ರೈನ್ ಪೈಪ್ ಸ್ವಚ್ಛಗೊಳಿಸಿ ವಾರವಾಗಿಲ್ಲ, ಎ.ಸಿ. ನಿಲ್ಲಿಸಿದ ಕೂಡಲೇ ಮತ್ತೆ ಫಾಲ್ಸ್ ಸೀಲಿಂಗ್‌ನಿಂದ ನೀರು ಸುರಿಯುತ್ತದೆ.

ಉತ್ತರ: "ನಿಲ್ಲಿಸಿದ ಕೂಡಲೇ" ಎಂದು ಬರೆದದ್ದು ಒಳ್ಳೆಯದಾಯಿತು, ಉತ್ತರ ಆ ಎರಡು ಪದಗಳಲ್ಲಿಯೇ ಇದೆ. ಕಾಯಿಲ್ ದಾಟಿದ ಮೇಲೆ ಬ್ಲೋವರ್ ಇರುವ ಯಂತ್ರಗಳಲ್ಲಿ ನೀರಿನ ತಟ್ಟೆ ಇರುವ ಭಾಗದಲ್ಲಿ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ. ಪೈಪಿನಲ್ಲಿ ನೀರು ನಿಂತ ಟ್ರ್ಯಾಪ್ (ಯು ಆಕಾರದ ಬಾಗು) ಇಲ್ಲದಿದ್ದರೆ, ಬ್ಲೋವರ್ ಪೈಪಿನ ಮೂಲಕ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತ ನೀರನ್ನು ತಟ್ಟೆಯಲ್ಲೇ ತಡೆದು ನಿಲ್ಲಿಸುತ್ತದೆ. ಯಂತ್ರ ನಿಂತಾಗ ತಡೆ ತಪ್ಪಿ, ಕೂಡಿದ್ದ ನೀರೆಲ್ಲ ಒಮ್ಮೆಗೇ ನುಗ್ಗಿ ತಟ್ಟೆಯ ಅಂಚು ಮೀರುತ್ತದೆ. ಯಂತ್ರ ಓಡುತ್ತಿರುವಾಗ ಪೈಪಿನ ತುದಿಗೆ ತೆಳು ಟಿಶ್ಯೂ ಕಾಗದ ಹಿಡಿಯಿರಿ, ಅದು ಒಳಕ್ಕೆ ಎಳೆದುಕೊಂಡು ಅಂಟಿದರೆ ಟ್ರ್ಯಾಪ್ ಇಲ್ಲ ಅಥವಾ ಒಣಗಿದೆ. ಒಳಗಿನ ಎಳೆತ 250 ಪ್ಯಾಸ್ಕಲ್ ಇದ್ದರೆ ಅದು ಸುಮಾರು 25 ಮಿಲಿಮೀಟರ್ ನೀರಿನ ಎತ್ತರಕ್ಕೆ ಸಮ, ಟ್ರ್ಯಾಪಿನ ಆಳ ಅದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಬಹಳ ದಿನ ನಿಲ್ಲಿಸಿದ್ದ ಯಂತ್ರವನ್ನು ಮತ್ತೆ ಹಾಕುವ ಮೊದಲು ಟ್ರ್ಯಾಪಿಗೆ ಒಂದು ಚೊಂಬು ನೀರು ಸುರಿಯಿರಿ.

ಪ್ರಶ್ನೆ: ನಮ್ಮ ಚಿಲ್ಲರ್ (ಕಟ್ಟಡದ ಎ.ಸಿ.ಗೆ ತಣ್ಣೀರು ಮಾಡುವ ಯಂತ್ರ) ಹೈ ಪ್ರೆಶರ್ ಎಂದು ಪದೇ ಪದೇ ಟ್ರಿಪ್ ಆಗುತ್ತದೆ. ಆಪರೇಟರ್ ರಿಸೆಟ್ ಒತ್ತಿದರೆ ಮತ್ತೆ ಓಡುತ್ತದೆ. ಒತ್ತಡ ಮೀರಿದರೆ ಯಂತ್ರ ನಿಲ್ಲಿಸುವ ಸ್ವಿಚ್ಚೇ ಹಾಳಾಗಿದೆ, ತಾತ್ಕಾಲಿಕವಾಗಿ ಅದನ್ನು ಬೈಪಾಸ್ ಮಾಡೋಣ ಎನ್ನುತ್ತಾರೆ.

ಉತ್ತರ: ಅದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಆ ಸ್ವಿಚ್ಚು ಕಂಪ್ರೆಸರನ್ನಷ್ಟೇ ಅಲ್ಲ, ಯಂತ್ರದ ಕೋಣೆಯಲ್ಲಿರುವ ಮನುಷ್ಯರನ್ನೂ ಕಾಯುತ್ತದೆ. ಪದೇ ಪದೇ ಟ್ರಿಪ್ ಆಗುವ ಸ್ವಿಚ್ಚು ಹೆಚ್ಚಾಗಿ ಸತ್ಯವನ್ನೇ ಹೇಳುತ್ತಿರುತ್ತದೆ: ಕಂಡೆನ್ಸರಿನಿಂದ ಶಾಖ ಹೊರಹೋಗುತ್ತಿಲ್ಲ.

ನೀರಿನಿಂದ ತಣಿಯುವ ಚಿಲ್ಲರ್ ಆಗಿದ್ದರೆ, ಕಂಡೆನ್ಸರಿನೊಳಗೆ ಗ್ಯಾಸ್ ದ್ರವವಾಗುವ ಉಷ್ಣತೆಗೂ ಅಲ್ಲಿಂದ ಹೊರಬರುವ ನೀರಿನ ಉಷ್ಣತೆಗೂ ಇರುವ ವ್ಯತ್ಯಾಸವನ್ನು ದಾಖಲಿಸಿ. ಇದನ್ನು ಅಪ್ರೋಚ್ ಎನ್ನುತ್ತಾರೆ. ಯಂತ್ರ ಹೊಸದಾಗಿದ್ದಾಗ ಪೂರ್ತಿ ಹೊರೆಯಲ್ಲಿ ಅದು ಎಷ್ಟಿತ್ತೋ ಅದೇ ನಿಮ್ಮ ಅಳತೆಗೋಲು. ಅದು ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಏರುತ್ತಿದ್ದರೆ ಟ್ಯೂಬುಗಳ ಒಳಮೈಗೆ ಸುಣ್ಣದ ಪದರ ಕಟ್ಟುತ್ತಿದೆ, ಬ್ರಷ್ ಹಾಕಿ ತಿಕ್ಕಿಸಬೇಕು. ಅಪ್ರೋಚ್ ಹಿಂದಿನಂತೆಯೇ ಇದ್ದು ಒಳಬರುವ ನೀರೇ ಬಿಸಿಯಾಗಿದ್ದರೆ ಚಿಲ್ಲರನ್ನು ಬಿಟ್ಟು ಆ ನೀರನ್ನು ತಣಿಸುವ ಕೂಲಿಂಗ್ ಟವರ್ ಹತ್ತಿ ನೋಡಿ: ಫ್ಯಾನ್ ತಿರುಗುತ್ತಿದೆಯೇ, ನಳಿಕೆಗಳು ಕಟ್ಟಿವೆಯೇ, ನೀರು ಎಲ್ಲ ಕಡೆ ಸಮನಾಗಿ ಬೀಳುತ್ತಿದೆಯೇ. ಹೋಗುವ ಬರುವ ನೀರಿನ ನಡುವಿನ ಅಂತರವೇ ಅತಿಯಾಗಿದ್ದರೆ ಪಂಪಿನ ಹರಿವು ಸಾಲದು, ಮೊದಲು ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಬಿಚ್ಚಿಸಿ. ಈ ಮೂರೂ ಸರಿಯಿದ್ದಾಗ ಉಳಿಯುವ ಶಂಕೆಗಳೆಂದರೆ ವ್ಯವಸ್ಥೆಯೊಳಗೆ ಸೇರಿಕೊಂಡ ಗಾಳಿ ಮತ್ತು ಅತಿಯಾದ ಗ್ಯಾಸ್.

ಟವರ್ ಹತ್ತುವವರು ಮುಖಕ್ಕೆ ತಕ್ಕ ಮಾಸ್ಕ್ ಹಾಕಿಕೊಳ್ಳಲಿ. 1976ರಲ್ಲಿ ಫಿಲಡೆಲ್ಫಿಯಾದ ಸಮಾವೇಶವೊಂದರಲ್ಲಿ ಹರಡಿದ ನ್ಯುಮೋನಿಯಾದಿಂದ ಪತ್ತೆಯಾದ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನೀರಿನಲ್ಲಿ ಬೆಳೆಯುತ್ತದೆ. ಕೂಲಿಂಗ್ ಟವರಿನ ನೀರು ಇರುವುದೂ ಆ ಮಿತಿಯಲ್ಲಿಯೇ.

ಪ್ರಶ್ನೆ: ಬಾಯ್ಲರಿನಿಂದ ಬಿಸಿನೀರು ಹರಿಸಿ ಕಟ್ಟಡ ಬೆಚ್ಚಗಿಡುತ್ತೇವೆ. ಕೆಳಗಿನ ಮಹಡಿಗಳು ಬೆಚ್ಚಗಿವೆ, ಮೇಲಿನ ಎರಡು ಮಹಡಿಗಳ ರೇಡಿಯೇಟರ್‌ಗಳು ಗುಳುಗುಳು ಸದ್ದು ಮಾಡುತ್ತ ತಣ್ಣಗೇ ಇರುತ್ತವೆ. ಪಂಪ್ ಬದಲಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಪಂಪ್ ಬದಲಿಸುವ ಮೊದಲು ಬಾಯ್ಲರ್ ಪಕ್ಕದ ಗೇಜ್ ನೋಡಬೇಕಿತ್ತು. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡಕ್ಕೆ ಸಮ. ಅತಿ ಮೇಲಿನ ರೇಡಿಯೇಟರ್ ಬಾಯ್ಲರಿಗಿಂತ ಇಪ್ಪತ್ತು ಮೀಟರ್ ಮೇಲಿದ್ದರೆ, ನೀರು ತಣ್ಣಗಿದ್ದು ಪಂಪ್ ನಿಂತಿರುವಾಗಲೂ ಗೇಜ್ 2 ಬಾರ್ ದಾಟಿ ಇನ್ನೊಂದಿಷ್ಟು ತೋರಿಸಬೇಕು. ಅದು ಒಂದೂವರೆ ತೋರಿಸುತ್ತಿದ್ದರೆ ಮೇಲಿನ ಕೊಳವೆಗಳಲ್ಲಿ ಇರುವುದು ನೀರಲ್ಲ, ಗಾಳಿ. ಒತ್ತಡ ಸರಿಪಡಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಗಾಳಿ ಬಿಡಿಸಿದರೆ ಮೇಲಿನ ಮಹಡಿಗಳು ಬಹುಮಟ್ಟಿಗೆ ಬೆಚ್ಚಗಾಗುತ್ತವೆ.

ಒತ್ತಡ ಇಳಿದದ್ದೇಕೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ನೀರು ಕಾದಾಗ ಹಿಗ್ಗುವುದಕ್ಕೆ ಎಡೆ ಕೊಡುವ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ಗಾಳಿ ಹೋಗಿದ್ದರೆ, ಬಾಯ್ಲರ್ ಉರಿದಾಗಲೆಲ್ಲ ಒತ್ತಡ ಸರ್ರನೆ ಏರಿ ಸೇಫ್ಟಿ ವಾಲ್ವಿನಿಂದ ನೀರು ಹೊರಬೀಳುತ್ತದೆ, ತಣಿದಾಗ ಆ ಹೊರಹೋದಷ್ಟು ನೀರಿನ ಕೊರತೆ ಕಾಣಿಸುತ್ತದೆ. ಟ್ಯಾಂಕಿನ ಗಾಳಿಯ ಒತ್ತಡವನ್ನು ಅದರ ನೀರಿನ ಬದಿಯನ್ನು ಖಾಲಿ ಮಾಡಿದ ಮೇಲೆಯೇ ಅಳೆಯಬೇಕು. ನೀರು ತುಂಬಿರುವಾಗ ಅಳೆದರೆ ಸಿಗುವುದು ನೀರಿನ ಒತ್ತಡವೇ. ಇದನ್ನು ಬಿಟ್ಟು ದಿನವೂ ಹೊಸ ನೀರು ತುಂಬಿಸುತ್ತ ಹೋದರೆ ಅದರೊಡನೆ ಬರುವ ಆಕ್ಸಿಜನ್ ಕೊಳವೆಗಳನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ಥರ್ಮೋಸ್ಟ್ಯಾಟ್ ಎರಡು ಸಲ ಬದಲಿಸಿದೆವು. ಆದರೂ ಕೋಣೆಯ ಉಷ್ಣತೆಗಿಂತ ಯಾವಾಗಲೂ ಮೂರು ಡಿಗ್ರಿ ಹೆಚ್ಚು ತೋರಿಸುತ್ತದೆ.

ಉತ್ತರ: ಅದನ್ನು ಗೋಡೆಯಿಂದ ಬಿಚ್ಚಿ, ಹಿಂದೆ ವೈರ್ ಬರುವ ತೂತನ್ನು ನೋಡಿ. ಪೊಳ್ಳು ಗೋಡೆಯೊಳಗಿನ ಬಿಸಿ ಗಾಳಿ ಆ ತೂತಿನಿಂದ ನೇರವಾಗಿ ಸೆನ್ಸರಿಗೆ ಬಡಿಯುತ್ತಿರಬಹುದು. ವೈರಿನ ಸುತ್ತ ಪುಟ್ಟಿ ಮೆತ್ತಿ ತೂತು ಮುಚ್ಚಿ ಒಂದು ದಿನ ಕಾಯಿರಿ. ಆಗಲೂ ಸರಿಹೋಗದಿದ್ದರೆ ಬಿಸಿಲು ಬೀಳುವ ಹೊತ್ತು ಮತ್ತು ಕೆಳಗಿರುವ ಝೆರಾಕ್ಸ್ ಯಂತ್ರದಂಥ ಬಿಸಿ ವಸ್ತುಗಳನ್ನು ಗಮನಿಸಿ, ಥರ್ಮೋಸ್ಟ್ಯಾಟನ್ನು ಒಳಗೋಡೆಯೊಂದಕ್ಕೆ ಸ್ಥಳಾಂತರಿಸಿ. ಮೂರನೆಯದನ್ನು ಕೊಳ್ಳಬೇಡಿ.